ಬುಗುರಿಯ ಹಿಂದೊಂದು ಮೆರವಣಿಗೆ

ಜೂನ್ 9

ತಂಗಿ,

ಮೊದಲು ಉಗಿದುಬಿಡುತ್ತೇನೆ, ಆಮೇಲೆ ಕ್ಷೇಮಸಮಾಚಾರ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ಮೂರನೇ ವಾಕ್ಯಕ್ಕೆ ಜಗಳವಾಗುತ್ತದೆ, ನಾಲ್ಕನೆಯದಕ್ಕೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಸಿಟ್ಟಿನಲ್ಲಿ ಎಸೆದರೂ ಮತ್ತೆ ಎತ್ತಿಕೊಂಡು ಓದುತ್ತೀಯ, ನನಗೆ ಗೊತ್ತು.

ಶಾಲೆಯಲ್ಲಿ 'ಸುರಕ್ಷಿತ ಸೈಕಲ್ ಸವಾರಿ ಸಪ್ತಾಹ' ಮುಗಿಯಿತು. ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟವಳಾದರೂ ಹಳೆಯ ವ್ಯಾಯಾಮ ಟೀಚರ್ ಎಂದು ನನ್ನನ್ನೂ ಕರೆದಿದ್ದರು. ಹೋಗಿ ನೋಡಿದರೆ ಮೈದಾನದಲ್ಲಿ ಸುಣ್ಣದಿಂದ ರಸ್ತೆ ಬರೆದಿದ್ದಾರೆ. ಮಧ್ಯೆ ಒಂದು ರಟ್ಟಿನ ಸಿಗ್ನಲ್. ಕೆಂಪು, ಹಳದಿ, ಹಸಿರು ಮೂರೂ ಒಟ್ಟಿಗೆ ಹೊಳೆಯುತ್ತಿವೆ, ಬಣ್ಣದ ಕಾಗದ ತಾನೆ! ಮಕ್ಕಳು ಆ ಗೆರೆಗಳ ನಡುವೆ ಗಾಣದೆತ್ತಿನ ಹಾಗೆ ಸುತ್ತಿದರು. ಎದುರಿಗೆ ಬರುವ ಒಂದು ಬಸ್ಸಿಲ್ಲ, ಅಡ್ಡ ಬರುವ ಒಂದು ನಾಯಿಯಿಲ್ಲ, ಮೂತಿಗೆ ಬಾಗಿಲು ತೆಗೆಯುವ ಒಂದು ಕಾರಿಲ್ಲ. ಕೊನೆಗೆ ಹೆಡ್‌ಮಿಸ್ಸು ಎಲ್ಲರಿಗೂ ಪ್ರಮಾಣಪತ್ರ ಹಂಚಿದರು: 'ರಸ್ತೆ ಸವಾರಿಯಲ್ಲಿ ಪ್ರವೀಣರು.' ರಸ್ತೆಗೆ ಆ ಮಕ್ಕಳ ಒಂದು ಚಕ್ರವೂ ತಾಗಿಲ್ಲ ಕಣೇ. ಫೋಟೊಗೆ ನಾನೂ ಹಲ್ಲು ಕಿರಿದು ನಿಂತೆ. ಆ ಫೋಟೊ ನೋಡಿದರೆ ನನಗೇ ವಾಕರಿಕೆ ಬರುತ್ತದೆ.

ನಿನ್ನ ಮಗಳೂ ಪ್ರವೀಣೆ. ಅಂಗಳದಲ್ಲಿ ಸೈಕಲ್ ಮೇಲೆ ಗರಗರ ಸುತ್ತುತ್ತಾಳೆಂದು ನಾನು ಬುಗುರಿ ಅಂತ ಕರೆದರೆ, ಶಾಲೆಯವರು ಅದಕ್ಕೆ ಮೊಹರು ಒತ್ತಿ ಕೊಟ್ಟಿದ್ದಾರೆ. ಪ್ರಮಾಣಪತ್ರವನ್ನು ಬೀರುವಿಗೆ ಅಂಟಿಸಿ, ಮರುದಿನ "ದೊಡ್ಡಮ್ಮ, ಇವತ್ತಿಂದ ನಾನು ಸೈಕಲ್ಲಲ್ಲೇ ಸ್ಕೂಲಿಗೆ" ಎಂದು ಹೊರಟಳು. ನಾನು ಹಿಂದೆ ಕುಂಟುತ್ತ ಹೋದೆ. ಓಣಿ ಮುಗಿದು ದೊಡ್ಡ ರಸ್ತೆ ಸಿಕ್ಕುವಲ್ಲಿ ಒಂದು ಬಸ್ಸು ಹಾರನ್ ಹೊಡೆದು ಹೋಯಿತು, ಅಷ್ಟೇ. ಎರಡೂ ಕಾಲು ನೆಲಕ್ಕೂರಿ ಕಲ್ಲಿನ ಹಾಗೆ ನಿಂತಳು. "ನಂಗೆ ಬರಲ್ಲ ದೊಡ್ಡಮ್ಮ. ಆ ಸರ್ಟಿಫಿಕೇಟ್ ಸುಳ್ಳು" ಅಂದಳು. ಮನೆಗೆ ಬಂದು ಅದನ್ನು ಉಗುರಿನಿಂದ ಕೆರೆದು ಕಿತ್ತಳು. ಬೀರುವಿನ ಮೇಲೆ ಅಂಟು ಇನ್ನೂ ಹಾಗೇ ಇದೆ.

ನಾನು ಕಲಿಸುತ್ತೇನೆ. ಸುಣ್ಣದ ರಸ್ತೆಯಲ್ಲಲ್ಲ, ಡಾಂಬರಿನದ್ದರಲ್ಲಿ. ನಡೆದರೆ ನೋಯುವ ಮೊಣಕಾಲು ಪೆಡಲ್ ಮೇಲೆ ಅಷ್ಟು ನೋಯುವುದಿಲ್ಲ. ನೀನು ಹೂಂ ಅನ್ನು.

ಅಕ್ಕ

ಜೂನ್ 21

ಅಕ್ಕ,

ನೀನು ಮಕ್ಕಳನ್ನು ಸೈಕಲ್ ಹತ್ತುವಾಗ ನೋಡುತ್ತೀಯ. ನಾನು ಬಿದ್ದ ಮೇಲೆ ನೋಡುತ್ತೇನೆ. ನಮ್ಮಿಬ್ಬರ ಜಗಳ ಇಷ್ಟೇ.

ಈ ವಾರ ನಮ್ಮ ಮೂಳೆ ವಾರ್ಡಿಗೆ ಒಬ್ಬ ಹುಡುಗ ಬಂದಿದ್ದಾನೆ. ಕಾಲಿಗೆ ತೂಕ ಕಟ್ಟಿ ಮೇಲಕ್ಕೆತ್ತಿದ್ದೇವೆ. ಅವನಪ್ಪ ಮಂಚದ ಪಕ್ಕ ನಿಂತು "ನೋಡ್ಕೊಂಡು ಹೋಗೋಕೆ ಏನಾಗಿತ್ತೋ ನಿಂಗೆ?" ಎಂದು ಮಗನನ್ನೇ ಬೈಯುತ್ತಿದ್ದ. ಕಾರಿನಲ್ಲಿ ಗುದ್ದಿದವನು ಹಣ್ಣಿನ ಚೀಲ ಹಿಡಿದು ಬಾಗಿಲಿಗೆ ಬಂದ. ಅದೇ ಅಪ್ಪ ಎದ್ದು ಅವನಿಗೆ ಕುರ್ಚಿ ಕೊಟ್ಟ! ನಾನು ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದೆ. ಎಷ್ಟು ಸೋಪು ಹಾಕಿದರೂ ಆ ಹೇಸಿಗೆ ಹೋಗಲಿಲ್ಲ.

ಅವಳಪ್ಪ ಇನ್ನೊಂದು ಸಂಸಾರ ಹೂಡಿದ ಮೇಲೆ ಬುಗುರಿಗೆ ಇರುವವರು ನಾವಿಬ್ಬರೇ. ಇಲ್ಲಿಯ ಕೆಲಸದ ಕರಾರು ಮುಗಿಯುವ ತನಕ ಅಂತ ಅವಳನ್ನು ನಿನ್ನ ಕೈಗೆ ಒಪ್ಪಿಸಿ ಬಂದಿದ್ದೇನೆ. ನಿನಗೆ ಮೊಣಕಾಲು, ಶಾಲೆಗೆ ಬಸ್ಸಿಲ್ಲ. ಎಷ್ಟು ದಿನ ಅಂತ ಅವಳನ್ನು ಬಿಟ್ಟು ಕರೆತರುತ್ತೀಯ? ಇಲ್ಲಿ ಆಸ್ಪತ್ರೆಯ ಹಿಂದೆಯೇ ಒಂದು ಶಾಲೆಯಿದೆ, ಹಾಸ್ಟೆಲ್ ಇದೆ. ವಾರ್ಡನ್ ಹತ್ತಿರ ಮಾತಾಡಿದ್ದೇನೆ. ಒಂದು ಜಾಗ ಹಿಡಿದಿಡುತ್ತಾರಂತೆ.

ಆದರೂ ನಿನಗೆ ಅವಕಾಶ ಕೊಡುತ್ತೇನೆ. ಅರ್ಧವಾರ್ಷಿಕ ಪರೀಕ್ಷೆ ಮುಗಿಯುವುದರೊಳಗೆ ಅವಳು ತಾನಾಗಿ, ಒಬ್ಬಳೇ, ಭಯವಿಲ್ಲದೆ ಶಾಲೆಗೆ ಹೋಗಿಬರುವಂತಾದರೆ ನಿನ್ನ ಹತ್ತಿರವೇ ಇರಲಿ. ಇಲ್ಲವಾದರೆ ರಜೆಯಲ್ಲಿ ಬಂದು ಕರೆದುಕೊಂಡು ಬರುತ್ತೇನೆ. ಆಮೇಲೆ ಅಳುವುದು, ಊಟ ಬಿಡುವುದು ಏನೂ ಬೇಡ. ಅವಳಿಗಲ್ಲ, ನಿನಗೆ ಹೇಳುತ್ತಿದ್ದೇನೆ.

ಅಂದ ಹಾಗೆ, ಮೇಲ್ಮನೆಯ ವಿಮೆ ಮಾಮ ಈಗಲೂ ಬೆಳಿಗ್ಗೆ ಪಾಲಿಸಿ ಮಾರಲು ಹೊರಡುತ್ತಾರಾ? ಸುಮ್ಮನೆ ಕೇಳಿದೆ.

ತಂಗಿ

ಜುಲೈ 14

ತಂಗಿ,

ಹೊರಡುತ್ತಾರೆ, ಅದೇ ಡಬ್ಬಾ ಮೊಪೆಡ್ಡು. ಅವರ ಆರೋಗ್ಯ ನಿನಗ್ಯಾಕೆ? ಪಾಲಿಸಿ ಮಾಡಿಸುತ್ತೀಯಾ?

ಪಾಠ ಜೋರಾಗಿ ನಡೆದಿದೆ. ಸುದ್ದಿ ಹರಡಿ, ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಇನ್ನೂ ನಾಲ್ಕು ಮಕ್ಕಳು ಬರುತ್ತಾರೆ. ನನ್ನ ಕ್ರಮ ಕೇಳು. ಮಗು ಮುಂದೆ, ನಾನು ಹಿಂದೆ, ಅರ್ಧ ಸೈಕಲ್ಲಿನಷ್ಟು ರಸ್ತೆಯ ಕಡೆಗೆ ಸರಿದು. ನಿಂತ ಕಾರುಗಳಿಂದ ಒಂದು ಬಾಗಿಲಿನ ಅಗಲ ದೂರ ಇರಬೇಕು. ತಿರುಗುವ ಮೊದಲು ಭುಜದ ಮೇಲಿಂದ ಹಿಂದೆ ನೋಡಬೇಕು, ಕೈ ಚಾಚಬೇಕು, ಮತ್ತೊಮ್ಮೆ ನೋಡಬೇಕು, ಆಮೇಲೆ ತಿರುಗಬೇಕು. ಬೀದಿಯುದ್ದಕ್ಕೂ ನನ್ನ ಗಂಟಲು "ಹಿಂದೆ ನೋಡೇ! ಹಿಂದೆ ನೋಡೋ!" ಎಂದು ಕೂಗುತ್ತಿರುತ್ತದೆ. ಬುಗುರಿಯಂತೂ ಈಗ ಗೂಬೆಯ ಹಾಗೆ ಕತ್ತು ಹೊರಳಿಸುತ್ತಾಳೆ. ಒಂದೇ ಒಂದು ಸಲ ತಪ್ಪಿಸುವುದಿಲ್ಲ. ನೋಡುತ್ತಾಳೆ, ನಗುತ್ತಾಳೆ, ತಿರುಗುತ್ತಾಳೆ. ನೀನು ನೋಡಿದ್ದರೆ ನಿನ್ನ ವಾರ್ಡು, ವಾರ್ಡನ್ನು ಎಲ್ಲ ಮರೆಯುತ್ತಿದ್ದೆ.

ಆದರೆ ದೊಡ್ಡವರನ್ನು ನೋಡಿದರೆ ಮೈ ಉರಿಯುತ್ತದೆ. ಶಾಲೆ ಗೇಟಿನ ಮುಂದೆ ಬೆಳಿಗ್ಗೆ ಕಾರುಗಳ ಜಾತ್ರೆ. ಒಂದೊಂದು ಮಗುವಿಗೆ ಒಂದೊಂದು ಕಾರು, ಎಂಜಿನ್ ಆರಿಸುವುದಿಲ್ಲ, ಹಾರನ್ನಿನ ಮೇಲಿಂದ ಕೈ ತೆಗೆಯುವುದಿಲ್ಲ. ಒಬ್ಬ ಮಹಾನುಭಾವ ಕಿಟಕಿ ಇಳಿಸಿ ಉಗಿದದ್ದು ನನ್ನ ಚಪ್ಪಲಿಯ ಮೇಲೆ ಬಿತ್ತು. ಇನ್ನೊಬ್ಬಳು ಕನ್ನಡಿ ನೋಡದೆ ಹಿಂದಕ್ಕೆ ಬಂದು ಬುಗುರಿಯ ಮುಂದಿನ ಚಕ್ರಕ್ಕೆ ತಾಗಿಸಿಯೇಬಿಟ್ಟಳು. ಬೈಯೋಣವೆಂದು ಹೋದರೆ ನನಗೇ ಬುದ್ಧಿ ಹೇಳಿದಳು: "ರೋಡು ಸ್ವಲ್ಪಾನೂ ಸೇಫ್ ಇಲ್ಲ ಮೇಡಂ. ಅದಕ್ಕೇ ನಾನು ಮಗೂನ ಕಾರಲ್ಲೇ ಬಿಡೋದು." ರಸ್ತೆಯಲ್ಲಿ ಭಯ ಹುಟ್ಟಿಸುವವಳು ಇವಳೇ, ಭಯಪಟ್ಟು ಕಾರು ಹತ್ತುವವಳೂ ಇವಳೇ. ಥೂ!

ನಾನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಇವಳು ಹೋದರೆ ಈ ಮನೆಯಲ್ಲಿ ನನಗೆ ಬೈಯಲು ಯಾರೂ ಇರುವುದಿಲ್ಲ. ಹಾಸ್ಟೆಲ್ಲಿನ ಜಾಗ ಬಿಟ್ಟುಬಿಡು.

ಅಕ್ಕ

ಆಗಸ್ಟ್ 5

ಅಕ್ಕ,

ಜಾಗ ಈಗಲೇ ಬಿಡುವುದಿಲ್ಲ.

ನಿನ್ನ ಕ್ರಮ ಓದಿದೆ. ಚೆನ್ನಾಗಿದೆ. ಆದರೆ ನಿನ್ನ ಹತ್ತಿರ ಸೈಕಲ್ ಕಲಿತವರಲ್ಲಿ ನಾನೇ ಮೊದಲನೆಯವಳು ಎನ್ನುವುದನ್ನು ಮರೆಯಬೇಡ. "ಹಿಡ್ಕೊಂಡಿದ್ದೀನಿ ಕಣೇ, ತುಳಿ ತುಳಿ" ಎಂದು ಕೂಗುತ್ತಲೇ ಸೀಟು ಬಿಟ್ಟೆಯಲ್ಲ, ನಾನು ನೆಟ್ಟಗೆ ಹೋಗಿ ತಿಪ್ಪೆಗೆ ಬಿದ್ದೆ. ಬಾಯೊಳಗೆಲ್ಲ ತಿಪ್ಪೆ. ಬಿದ್ದದ್ದಕ್ಕಲ್ಲ, ಹಿಂದಿನಿಂದ ಬಂದ ಆ ದನಿ ಸುಳ್ಳು ಅಂತ ಗೊತ್ತಾದದ್ದಕ್ಕೆ ನಾನು ಮತ್ತೆ ಸೈಕಲ್ ಮುಟ್ಟಲಿಲ್ಲ.

ಅಂಚೆ ಕಚೇರಿ ಬೀದಿಯಲ್ಲಿ ಪೈಪಿಗೆ ಅಗೆದಿದ್ದಾರಂತೆ. ಅವಳನ್ನು ಅಲ್ಲಿ ಇಳಿಸಿ ತಳ್ಳಿಕೊಂಡು ಹೋಗುವಂತೆ ಹೇಳು. ಒಬ್ಬಳನ್ನೇ ಕಳಿಸುವ ದಿನ ನನಗೆ ತಿಳಿಸು.

ತಂಗಿ

ಆಗಸ್ಟ್ 26

ತಂಗಿ,

ಪೈಪಿನ ಗುಂಡಿ ನಿನಗೆ ಹೇಗೆ ಗೊತ್ತಾಯಿತು ಎಂದು ಅಚ್ಚರಿಪಟ್ಟೆ. ಬುಗುರಿ ಫೋನಿನಲ್ಲಿ ಹೇಳಿರಬೇಕು. ತಾಯಿಗೆ ಎಲ್ಲ ವರದಿ ಒಪ್ಪಿಸುತ್ತಾಳೆ, ಭಲೆ!

ನಿನಗೆ ಬೇಕಾದ ಸುದ್ದಿ ಇಲ್ಲಿದೆ. ಸೋಮವಾರದಿಂದ ಬುಗುರಿ ಒಬ್ಬಳೇ ಹೋಗುತ್ತಿದ್ದಾಳೆ. ಹೆಲ್ಮೆಟ್ ಪಟ್ಟಿ ತಾನೇ ಬಿಗಿದುಕೊಂಡಳು, ಬ್ರೇಕು ತಾನೇ ಒತ್ತಿ ನೋಡಿದಳು. ನಾನು ಗೇಟಿನ ಹತ್ತಿರ ನಿಂತು ಕೈ ಬೀಸಿ ಒಳಗೆ ಬಂದೆ. ಕುರ್ಚಿ ಎಳೆದುಕೊಂಡು ಕೂತು ಕಾಫಿ ಕುಡಿದೆ. ಒಂದು ಹೆಜ್ಜೆಯೂ ಅವಳ ಹಿಂದೆ ಹೋಗಲಿಲ್ಲ. ಕಾಫಿಗೆ ಸ್ವಲ್ಪ ಸಕ್ಕರೆ ಹೆಚ್ಚಾಗಿತ್ತು. ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಪೇಪರ್ ಓದಿದೆ, ಪದಬಂಧ ಬಿಡಿಸಿದೆ. ದಿನಾ ಹೀಗೇ.

ಔಷಧಿ ಅಂಗಡಿ ತಿರುವಿನಲ್ಲಿ ಎದುರಿನ ವಾಹನಗಳ ಸಾಲು ದಾಟಿ ತಿರುಗಬೇಕಲ್ಲ, ಇಡೀ ದಾರಿಯಲ್ಲಿ ಕಷ್ಟದ ಜಾಗ ಅದೊಂದೇ. ಅದನ್ನೂ ನೀರು ಕುಡಿದಷ್ಟು ಸಲೀಸಾಗಿ ದಾಟುತ್ತಾಳೆ. ದಾಟುತ್ತಾಳಂತೆ. ಅವಳೇ ಹೇಳಿದ್ದು.

ಈಗಲಾದರೂ ಜಾಗ ಬಿಡು.

ಅಕ್ಕ

ಸೆಪ್ಟೆಂಬರ್ 10

ಅಕ್ಕ,

ಸಂತೋಷ. ಕಾಫಿ ಬಿಸಿಯಾಗಿತ್ತಾ?

ನಿನ್ನ ಹಳೆಯ ಹಸಿರು ಸೈಕಲ್ಲು ಈಗಲೂ ಓಡುತ್ತದೆಯಾ? ಚೈನಿಗೆ ಎಣ್ಣೆ ಬಿಡು, ಪಾಪ, ಮುದಿಯಾಗಿದೆ. ಬಿಸಿಲಿಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡರೆ ಉಸಿರು ಕಟ್ಟುತ್ತದೆ, ಹಾಗೆಲ್ಲ ಮಾಡಬೇಡ. ಬೆಳಿಗ್ಗೆ ಆರಾಮಾಗಿ ಪದಬಂಧ ಬಿಡಿಸು.

ಪರೀಕ್ಷೆ ಮುಗಿಯಲಿ. ಆಮೇಲೆ ನೋಡೋಣ.

ತಂಗಿ

ಸೆಪ್ಟೆಂಬರ್ 27

ಏನೇ,

ಹಿಂದಿನ ಕಾಗದದಲ್ಲಿ ಬಟ್ಟೆ, ಉಸಿರು ಅಂತೆಲ್ಲ ಬರೆದಿದ್ದೆಯಲ್ಲ, ಕೆಲಸ ಹೆಚ್ಚಾಗಿ ನಿನ್ನ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ಗೊತ್ತಾಯಿತು, ಕೆಟ್ಟಿರುವುದು ತಲೆಯಲ್ಲ.

ಮೊದಲು ಮಗುವಿನ ವಿಷಯ. ಬುಗುರಿ ಬಿದ್ದಳು. ಮೊಣಕೈ ತರಚಿದೆ, ಗಲ್ಲ ಒಂದಿಷ್ಟು ಒಡೆದಿದೆ, ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಗಿದೆ. ಮೂಳೆಗೆ ಏನೂ ಆಗಿಲ್ಲ, ಎಕ್ಸ್‌ರೇ ತೆಗೆಸಿದೆ. ಹೆಲ್ಮೆಟ್ ಮೇಲೆ ಒಂದು ಬಿರುಕಿದೆ. ಅದು ಹೆಲ್ಮೆಟ್ ಮೇಲೆ ಇದೆ, ತಲೆಯ ಮೇಲಲ್ಲ.

ಔಷಧಿ ಅಂಗಡಿ ತಿರುವು. ಕೈ ಚಾಚಿದಳು, ಹಿಂದೆ ನೋಡಿದಳು, ತಿರುಗಿದಳು. ಹಿಂದಿನಿಂದ ಬರುತ್ತಿದ್ದ ಹಾಲಿನ ವ್ಯಾನಿಗೆ ಅಡ್ಡ! ಡ್ರೈವರ್ ಬ್ರೇಕಿನ ಮೇಲೆ ನಿಂತೇಬಿಟ್ಟ. ಬಂಪರ್ ತಾಗಿದ್ದು ಸೈಕಲ್ಲಿಗೆ ಮಾತ್ರ. ಅವನು ಕೆಳಗಿಳಿದು ಬೈಯಲೂ ಇಲ್ಲ, ಫುಟ್‌ಪಾತಿನ ಮೇಲೆ ಕುಸಿದು ಕೂತ. ಸುತ್ತ ನಿಂತವರು ಮಗುವನ್ನು ಎತ್ತುವ ಬದಲು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಒಬ್ಬ "ಸ್ವಲ್ಪ ಪಕ್ಕಕ್ಕೆ ಬನ್ನಿ ಆಂಟಿ, ಕಾಣ್ತಿಲ್ಲ" ಅಂದ. ಆ ಮುಖಕ್ಕೆ ಉಗಿಯುವಷ್ಟು ಎಂಜಲೂ ನನ್ನ ಬಾಯಲ್ಲಿ ಇರಲಿಲ್ಲ.

ಈಗ ನಿನ್ನ ವಿಷಯ. ನಾನು ಓಡಿಬಂದು ಮಗುವಿನ ತಲೆ ಹಿಡಿದರೆ, ಆ ಕಡೆಯಿಂದ ಇನ್ನೊಬ್ಬರು ಬಂದು ಕಾಲು ಹಿಡಿದಿದ್ದಾರೆ. ಯಾರು? ಮೇಲ್ಮನೆಯ ವಿಮೆ ಮಾಮ! ತಲೆಯ ಮೇಲೆ ಹೆಲ್ಮೆಟ್ಟು, ಕಂಕುಳಲ್ಲಿ ಪಾಲಿಸಿಯ ಫೈಲು. "ನೀವೇನ್ರೀ ಇಲ್ಲಿ?" ಅಂದೆ. "ನಿಮ್ಮ ತಂಗಿ ಹೇಳಿದ್ರಮ್ಮ, ದಿನಾ ಸ್ವಲ್ಪ ಹಿಂದೆ ಹೋಗಿ ನೋಡ್ಕೊಳಿ ಅಂತ. ಜುಲೈಯಿಂದ ಹೋಗ್ತಿದ್ದೀನಿ" ಅಂದರು. ಜುಲೈಯಿಂದ! ಹೆತ್ತ ಮಗಳ ಹಿಂದೆ ಗೂಢಚಾರ, ಸಾಕಿದ ಅಕ್ಕನ ಹಿಂದೆಯೂ ಗೂಢಚಾರ. ಪೈಪಿನ ಗುಂಡಿ ಯಾರ ಕಣ್ಣಿಗೆ ಕಂಡದ್ದೆಂದು ಈಗ ತಿಳಿಯಿತು. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಇಲ್ಲ ಎನ್ನಬಹುದಿತ್ತು. ಸಕ್ಕರೆ ಹಚ್ಚಿ ಕಾಗದ ಬರೆಯುವ ಈ ಬುದ್ಧಿ ಇದೆಯಲ್ಲ, ಇದು ಅಸಹ್ಯ ಕಣೇ. ನಿನ್ನ ಹಳೆಯ ಕಾಗದಗಳನ್ನು ಮುಟ್ಟಲೂ ಹೇಸಿಗೆಯಾಗುತ್ತಿದೆ.

ನಾನು ಅಷ್ಟು ಬೇಗ ಅಲ್ಲಿಗೆ ಹೇಗೆ ತಲುಪಿದೆ ಎಂದು ಕೇಳಬೇಡ. ತರಕಾರಿಗೆ ಹೋಗಿದ್ದೆ.

ಅಕ್ಕ

ಅಕ್ಟೋಬರ್ 4

ಅಕ್ಕ,

ಬೆಳಿಗ್ಗೆ ಶಾಲೆಯ ಹೊತ್ತಿಗೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕಿರುಗುಟ್ಟುವ ಹಸಿರು ಸೈಕಲ್ಲಿನಲ್ಲಿ, ಚೀಲವಿಲ್ಲದೆ ತರಕಾರಿಗೆ.

ಆಗಸ್ಟ್ ಕೊನೆಯಲ್ಲೇ ವಿಮೆ ಮಾಮ ಫೋನ್ ಮಾಡಿದ್ದರು. "ಮಗು ಚೆನ್ನಾಗಿ ಹೋಗ್ತಾಳಮ್ಮ. ಆದ್ರೆ ಯಾರೋ ಹೆಂಗಸು ದಿನಾ ಮುಖ ಮುಚ್ಕೊಂಡು ನನ್ನ ಹಿಂದೆ ಬರ್ತಾಳೆ, ಪೊಲೀಸರಿಗೆ ಹೇಳ್ಲಾ?" ಎಂದು ಕೇಳಿದರು. ಸೈಕಲ್ ಯಾವ ಬಣ್ಣ ಎಂದು ಕೇಳಿದೆ. ಆಮೇಲೆ ಬೇಡ ಅಂದೆ.

ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವವಳು ನೀನು. ಅಂದು "ಹಿಡಿದಿದ್ದೀನಿ" ಅಂತ ಹೇಳಿ ಬಿಟ್ಟೆ. ಇಂದು "ಬಿಟ್ಟಿದ್ದೀನಿ" ಅಂತ ಹೇಳಿ ಹಿಡಿದಿದ್ದೀಯ. ಎರಡು ಸಲವೂ ಸುಳ್ಳು ಹಿಂದಿನಿಂದಲೇ ಬಂತು.

ನಾನೂ ಸಾಚಾ ಅಲ್ಲ. ನಿನಗೆ ಗೊತ್ತಾಗದ ಹಾಗೆ ಆಳು ಬಿಟ್ಟೆ. ನಿನ್ನ ಸುಳ್ಳು ತಿಳಿದೂ ಕಾಫಿ ಬಿಸಿಯಾಗಿತ್ತಾ ಎಂದು ಕೇಳಿ ಮಜಾ ತಗೊಂಡೆ. ಅದನ್ನು ಬರೆದು ಲಕೋಟೆ ಅಂಟಿಸುವಾಗ ನಗುತ್ತಿದ್ದೆ ಅಕ್ಕ. ಆಮೇಲೆ ಎರಡು ವಾರಕ್ಕೆ ಮಗು ವ್ಯಾನಿನ ಮುಂದೆ. ಆ ನಗು ನೆನೆದರೆ ನನಗೆ ನನ್ನ ಮೇಲೇ ಥೂ ಅನ್ನಿಸುತ್ತದೆ.

ಇನ್ನು ಮಾತಿಲ್ಲ. ಪರೀಕ್ಷೆ ಮುಗಿದ ವಾರ ಬರುತ್ತೇನೆ. ಅವಳ ಬಟ್ಟೆ, ಪುಸ್ತಕ ಕಟ್ಟಿಡು. ಸೈಕಲ್ಲು ಬೇಡ.

ತಂಗಿ

ಅಕ್ಟೋಬರ್ 11

ತಂಗಿ,

ಹೌದು, ದಿನಾ ಹೋಗುತ್ತಿದ್ದೆ. ಮುಂದೆ ಮಾಮನ ಮೊಪೆಡ್ಡು ಕಂಡರೂ ಪಾಲಿಸಿ ಮಾರಲು ಹೊರಟಿದ್ದಾರೆ ಅಂದುಕೊಂಡಿದ್ದೆ. ಕಾಫಿ ಒಂದು ದಿನವೂ ಕುಡಿಯಲಿಲ್ಲ. ಮನೆಗೆ ಬರುವಷ್ಟರಲ್ಲಿ ಕೆನೆಗಟ್ಟಿರುತ್ತಿತ್ತು, ಚೆಲ್ಲುತ್ತಿದ್ದೆ. ಮಗುವನ್ನು ಕಳಿಸಿ ಮನೆಯೊಳಗೆ ಕೂರಲು ನನ್ನಿಂದ ಆಗಲಿಲ್ಲ. ಆಗಲಿಲ್ಲ ಎಂದು ನಿನಗೆ ಬರೆದರೆ ನೀನು ಅವಳನ್ನು ಕರೆದೊಯ್ಯುತ್ತಿದ್ದೆ. ಅದಕ್ಕೇ ಸುಳ್ಳು.

ಆದರೆ ಇದಕ್ಕಿಂತ ಹೊಲಸಾದದ್ದು ಇನ್ನೊಂದಿದೆ, ಕೇಳು. ಗಲ್ಲದ ಪಟ್ಟಿ ಬಿಚ್ಚಿದ ದಿನ ಬುಗುರಿಯನ್ನು ಕೂರಿಸಿಕೊಂಡು ಕೇಳಿದೆ.

"ಹಿಂದೆ ನೋಡಿದೆಯಲ್ಲೇ, ಅಷ್ಟು ದೊಡ್ಡ ವ್ಯಾನು ಕಾಣ್ಲಿಲ್ವಾ?"

"ನಾನು ವ್ಯಾನ್ ನೋಡ್ಲಿಲ್ಲ ದೊಡ್ಡಮ್ಮ, ನಿನ್ನನ್ನ ನೋಡ್ದೆ."

"ನಾನಿದ್ದದ್ದು ನಿಂಗೆ ಗೊತ್ತಿತ್ತಾ?"

"ಮೊದಲ್ನೇ ದಿನದಿಂದ ಗೊತ್ತು. ನಿನ್ನ ಚೈನು ಕಿರ್ ಅನ್ನತ್ತೆ. ಮಾಮನ ಮೊಪೆಡ್ಡೂ ಗೊತ್ತು. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ."

"ಮತ್ತೆ ತಿರುಗಿದ್ದು ಯಾಕೆ?"

"ನೀನಿದ್ದೆಯಲ್ಲ. ನೀನಿದ್ರೆ ತಿರುಗಬಹುದು."

ತಂಗಿ, "ಹಿಂದೆ ನೋಡು, ಹಿಂದೆ ನೋಡು" ಎಂದು ಎರಡು ತಿಂಗಳು ಬಡಿದುಕೊಂಡೆ. ಆ ಮಗು ನೋಡಿದಾಗಲೆಲ್ಲ ಹಿಂದೆ ಇದ್ದದ್ದು ಏನು? ನಾನು. ವ್ಯಾನು ಇರಬೇಕಾದ ಜಾಗದಲ್ಲಿ ದಿನವೂ ನಾನೇ ತುಂಬಿಕೊಂಡಿದ್ದೆ. ಹಿಂದೆ ನೋಡುವುದೆಂದರೆ ದೊಡ್ಡಮ್ಮ ಇದ್ದಾಳಾ ಎಂದು ನೋಡುವುದು, ಇದ್ದರೆ ನಗುವುದು, ತಿರುಗುವುದು. ಆ ನಗು ಕಂಡು ಭಯ ಹೋಗಿದೆ ಎಂದು ನಿನಗೆ ಬರೆದೆನಲ್ಲ, ಭಯ ಹೋಗಿರಲಿಲ್ಲ. ಅದನ್ನು ನನ್ನ ಕ್ಯಾರಿಯರ್ ಮೇಲೆ ಕೂರಿಸಿ ಹೋಗುತ್ತಿದ್ದಳು.

ಭಾನುವಾರ ಉಳಿದ ನಾಲ್ವರನ್ನೂ ಪರೀಕ್ಷೆ ಮಾಡಿದೆ. ಹಿಂದೆ ಬರುತ್ತೇನೆಂದು ಹೇಳಿ ಮರದ ಮರೆಗೆ ಸರಿದು ನಿಂತೆ. ನಾಲ್ಕು ಮಕ್ಕಳೂ ತಿರುವಿನಲ್ಲಿ ಕತ್ತು ಹೊರಳಿಸಿದರು. ಸ್ಕೂಟರು, ಕಾರು ಏನನ್ನೂ ನೋಡಲಿಲ್ಲ, ನನ್ನ ಮುಖ ಹುಡುಕಿದರು. ಕಾಣದೆ ನಾಲ್ವರೂ ನಡುರಸ್ತೆಯಲ್ಲಿ ಕಾಲೂರಿ ನಿಂತುಬಿಟ್ಟರು, ಜೂನಿನಲ್ಲಿ ಬುಗುರಿ ನಿಂತ ಹಾಗೆ. ನಾನೇ ಓಡಿಹೋಗಿ ಎಳೆದು ತರಬೇಕಾಯಿತು. ಆ ಶಾಲೆಯವರ ರಟ್ಟಿನ ಸಿಗ್ನಲ್ಲಿಗೆ ಥೂ ಅಂದೆನಲ್ಲ, ನಾನೂ ಅಂಥದ್ದೇ ಸಿಗ್ನಲ್ಲು. ಅದು ರಟ್ಟಿನದು, ನಾನು ಮೊಣಕಾಲು ನೋವಿರುವವಳು, ಅಷ್ಟೇ ವ್ಯತ್ಯಾಸ.

ಪಾಠ ಮೊದಲಿನಿಂದ ಶುರು ಮಾಡಿದ್ದೇನೆ. ಈಗ ನಾನು ಹಿಂದೆ ಹೋಗುವುದಿಲ್ಲ. ರಸ್ತೆ ಬದಿಯ ಕಟ್ಟೆಯ ಮೇಲೆ ಕೂರುತ್ತೇನೆ. ಮಗು ತಿರುಗುವ ಮೊದಲು ಹಿಂದೆ ನೋಡಿ ಕಂಡದ್ದನ್ನೆಲ್ಲ ಬಾಯಿಬಿಟ್ಟು ಕೂಗಬೇಕು. "ಕೆಂಪು ಸ್ಕೂಟರು! ಟೆಂಪೊ! ನಾಯಿ!" ಹೇಳಿದ್ದೆಲ್ಲ ಮುಂದೆ ಹೋಗುವ ತನಕ ಕಾಯಬೇಕು, ಆಮೇಲೆ ತಿರುಗಬೇಕು. ಬೀದಿಯವರು ಹುಚ್ಚರೆಂದು ನೋಡುತ್ತಾರೆ, ನೋಡಲಿ. ಬುಗುರಿ ಮೊದಲ ದಿನ ಅತ್ತಳು, ಎರಡನೇ ದಿನ ಕಿರುಚಿದಳು, ಈಗ ಕೂಗುತ್ತಾಳೆ.

ಬಟ್ಟೆ ಕಟ್ಟಿಡಲು ಹೇಳಿದ್ದೀಯ. ಕಟ್ಟಿಟ್ಟಿದ್ದೇನೆ. ಬಂದಾಗ ರಜೆ ಶುರುವಾಗುವ ಮೊದಲು ಒಂದೇ ಒಂದು ದಿನ ಅವಳನ್ನು ಒಬ್ಬಳನ್ನೇ ಶಾಲೆಗೆ ಕಳಿಸಿ ನೋಡು. ನಾನು ಹಿಂದೆ ಹೋಗುವುದಿಲ್ಲ, ನೀನೂ ಹೋಗಬೇಡ, ಮಾಮನೂ ಬೇಡ. ಅವಳು ಬಂದರೆ ಬಂದಳು. ಆಮೇಲೆ ನಿನ್ನಿಷ್ಟ.

ಅಕ್ಕ

ಅಕ್ಟೋಬರ್ 15

ಅಕ್ಕ,

ಬರುತ್ತೇನೆ. ಒಂದು ದಿನ ನೋಡುತ್ತೇನೆ. ಹಿಂದೆ ಹೋಗುವುದಿಲ್ಲ.

ವಾರ್ಡನ್ ಜಾಗವನ್ನು ತಿಂಗಳ ಕೊನೆಯವರೆಗೆ ಮಾತ್ರ ಹಿಡಿದಿಡುತ್ತಾರೆ.

ತಂಗಿ

ನವೆಂಬರ್ 2

ಅಕ್ಕ,

ಹಾಸ್ಟೆಲ್ಲಿನ ಜಾಗ ಬಿಟ್ಟುಕೊಟ್ಟೆ. ಕಟ್ಟಿಟ್ಟ ಬಟ್ಟೆ ಬಿಚ್ಚಿಡು.

ಅಲ್ಲಿದ್ದಾಗಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಆ ಬೆಳಿಗ್ಗೆ ಬುಗುರಿ ಗೇಟು ದಾಟಿದ ಮೇಲೆ ನೀನು ಕುರ್ಚಿಯ ಮೇಲೆ ಕೂತು ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಂದು ಗುಟುಕೂ ಕುಡಿಯಲಿಲ್ಲ, ಎದ್ದೂ ಹೋಗಲಿಲ್ಲ. ನಾನು "ಹಳೇ ಗೆಳತೀನ ನೋಡ್ಕೊಂಡು ಬರ್ತೀನಿ" ಅಂದೆ. ನೀನು ನಂಬಿದೆ. ಆ ಊರಿನಲ್ಲಿ ನನಗೆ ಯಾವ ಗೆಳತಿ ಇದ್ದಾಳೆ ಅಕ್ಕ?

ಓಣಿಯ ಮೂಲೆಯಲ್ಲಿ ವಿಮೆ ಮಾಮನಿಗೆ ಮೊಪೆಡ್ ನಿಲ್ಲಿಸಿಕೊಂಡಿರಲು ಹೇಳಿದ್ದೆ. ಹಿಂದೆ ಕೂತೆ. "ಮಾತು ಕೊಟ್ಟಿದ್ದೀರಂತಲ್ಲಮ್ಮ?" ಅಂದರು. "ನೀವು ಓಡಿಸಿ" ಅಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಂಚೆ ಕಚೇರಿ ಬೀದಿಯಲ್ಲಿ ಗುಂಡಿಯ ಹತ್ತಿರ ಅವಳು ಇಳಿದು ತಳ್ಳಿಕೊಂಡು ಹೋದಳು, ಮತ್ತೆ ಹತ್ತಿದಳು. ನಿಂತ ಕಾರುಗಳಿಂದ ಒಂದು ಬಾಗಿಲಿನ ಅಗಲ ಬಿಟ್ಟೇ ಹೋಗುತ್ತಿದ್ದಳು. ನಾನು ಮಾಮನ ಬೆನ್ನ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. ಔಷಧಿ ಅಂಗಡಿ ತಿರುವು ಬಂತು. ಕೈ ಚಾಚಿದಳು. ಹಿಂದೆ ನೋಡಿದಳು. ಅವಳ ಕಣ್ಣು ನೇರವಾಗಿ ನನ್ನ ಮೇಲೆ ಬಿತ್ತು ಅಕ್ಕ. ಈಗ ನಗುತ್ತಾಳೆ, ಈಗ ತಿರುಗಿಬಿಡುತ್ತಾಳೆ, ಎಂದು ಮಾಮನ ಅಂಗಿ ಹಿಡಿದು ಜಗ್ಗಿದೆ. ನಾನೇ ಅವಳನ್ನು ಕೊಂದೆ ಅಂದುಕೊಂಡೆ.

ನಗಲಿಲ್ಲ. ಗಂಟಲು ಬಿಚ್ಚಿ ಕೂಗಿದಳು.

"ಬಿಳಿ ಕಾರು! ಹಾಲಿನ ವ್ಯಾನು! ಮೊಪೆಡ್ಡು, ಅದರ ಮೇಲೆ ಅಮ್ಮ!"

ಅಷ್ಟೇ. ವ್ಯಾನಿನ ನಂತರ ನಾನೊಂದು ವಾಹನ. ಕಾಲು ನೆಲಕ್ಕೂರಿ, ಬದಿಗೆ ನಿಂತು, ಎಲ್ಲರಿಗೂ ಮುಂದೆ ಹೋಗಿ ಎಂದು ಕೈ ಮಾಡಿದಳು. ಕಾರು ಹೋಯಿತು, ವ್ಯಾನು ಹೋಯಿತು. ಮಾಮ ಏನು ಮಾಡುತ್ತಾರೆ, ಅವರೂ ಹೋದರು. ಪಕ್ಕದಲ್ಲಿ ಹಾದುಹೋಗುವಾಗ ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ತಲೆಯ ಕಡೆ ನೋಡಿ ಮುಖ ಕಿವುಚಿದಳು.

"ಥೂ ಅಮ್ಮ! ಹೆಲ್ಮೆಟ್ ಎಲ್ಲಿ?"

ಮೂಳೆ ವಾರ್ಡಿನ ನರ್ಸು ಅಕ್ಕ ನಾನು. ದಿನ ಬೆಳಗಾದರೆ ಒಡೆದ ತಲೆಗಳ ಜೊತೆ ಬರುವವರಿಗೆ ಪಾಠ ಹೇಳುತ್ತೇನೆ. ಬರಿದಲೆಯಲ್ಲಿ ಮೊಪೆಡ್ ಹಿಂದೆ ಕೂತು ಮಗಳ ಸುರಕ್ಷತೆ ಕಾಯಲು ಹೊರಟಿದ್ದೆ. ಆ 'ಥೂ' ಇದೆಯಲ್ಲ, ಅದು ಅಪ್ಪಟ ನಿನ್ನದು. ಚೆನ್ನಾಗಿಯೇ ಕಲಿಸಿದ್ದೀಯ.

ತಿರುಗಿ ನೋಡಿದೆ. ರಸ್ತೆ ಖಾಲಿಯಾಗಿತ್ತು, ಅವಳು ತಿರುಗಿ ಶಾಲೆಯ ಬೀದಿಯಲ್ಲಿ ಹೋಗುತ್ತಿದ್ದಳು. ಬೆನ್ನಿನ ಚೀಲ ಮಾತ್ರ ಕಂಡಿತು. ಮತ್ತೆ ನನ್ನ ಕಡೆ ನೋಡಲಿಲ್ಲ. ನಾನು ಅಳುತ್ತಿದ್ದೆ, ದುಃಖಕ್ಕೋ ಸಂತೋಷಕ್ಕೋ ಗೊತ್ತಿಲ್ಲ, ನಾಚಿಕೆಗಂತೂ ಹೌದು.

"ಈಗ ಎಲ್ಲಿಗಮ್ಮ?" ಎಂದು ಮಾಮ ಕೇಳಿದರು. ಅವಳ ಹಿಂದೆ ಹೋಗಲು ದಾರಿ ಉಳಿದಿರಲಿಲ್ಲ. "ಮುಂದೆ ಹೋಗಿ" ಅಂದೆ.

ಸಂಜೆ ಬಂದು ನಿನ್ನೆದುರಿಗೆ ಅವಳು ಈ ಬಗ್ಗೆ ತುಟಿ ಬಿಚ್ಚಲಿಲ್ಲ. ನಿನಗೆ ಬೇಜಾರಾಗುತ್ತದೆಂದು ಇರಬೇಕು. ಅದಕ್ಕೇ ನಾನು ಬರೆಯುತ್ತಿದ್ದೇನೆ. ಮನೆಗೆ ತಡವಾಗಿ ಬಂದೆನೆಂದು, ಗೆಳತಿ ಅಷ್ಟು ಹೊತ್ತು ಏನು ಮಾತಾಡಿದಳೆಂದು ನೀನು ಗೊಣಗಿದೆಯಲ್ಲ, ಆಗ ನಾನು ಹೆಲ್ಮೆಟ್ ಅಂಗಡಿಯಲ್ಲಿದ್ದೆ.

ತಂಗಿ